ಬಾಡಿಗೆಯ ಮನೆಯೂ ಬಾಗಿಲ ಗಾಡಿಯೂ

ಪೂರ್ವಕಾಲದಲ್ಲಿ ಗೃಹಸ್ಥನ ಗಾಡಿಯು ಅವನ ಸ್ವಂತ ಹಿತ್ತಿಲಲ್ಲಿಯೇ ನಿಲ್ಲುತ್ತಿದ್ದಿತು. ಎತ್ತುಗಳು ಕೊಟ್ಟಿಗೆಯಲ್ಲಿ, ಗಾಡಿಯು ಹುಣಿಸೆಯ ಮರದ ನೆರಳಿನಲ್ಲಿ. ಕೊಂಬೆಯು ಬಿದ್ದು ಗಾಡಿಯ ಮೂಕಿಯು ಮುರಿದರೆ ಮರವೂ ಅವನದೇ, ಮೂಕಿಯೂ ಅವನದೇ. ಯಾರನ್ನೂ ಕೇಳುವ ಪ್ರಸಂಗವಿರಲಿಲ್ಲ. ಈಗಲಾದರೋ ನಗರವಾಸಿಗಳಾದ ಅನೇಕ ಗೃಹಸ್ಥರ ಸ್ಥಿತಿಯು ಬೇರೆ. ಮನೆಯು ಒಬ್ಬರದು, ವಾಸವು ಮತ್ತೊಬ್ಬರದು. ನೆಲವು ಒಬ್ಬರದು, ಅದರ ಮೇಲೆ ನಿಂತ ಸ್ಕೂಟರೋ ಕಾರೋ ಮತ್ತೊಬ್ಬರದು. ಮೇಲಿನಿಂದ ತೆಂಗಿನ ಕಾಯಿಯೋ, ಸಜ್ಜೆಯ ಗಾರೆಯೋ, ಕಾಂಪೌಂಡಿನ ಗೋಡೆಯೋ ಆ ವಾಹನದ ಮೇಲೆ ಬಿದ್ದಾಗ, ನಷ್ಟವನ್ನು ಹೊರತಕ್ಕವರು ಯಾರು? ಈ ಪ್ರಶ್ನೆಯನ್ನು ನಾವು ಪುಸ್ತಕದಲ್ಲಿ ಓದಿ ಎತ್ತಿಕೊಂಡವರಲ್ಲ. ನಮ್ಮ ಬಾಗಿಲಲ್ಲಿಯೇ ಅದು ಬಿದ್ದಿತು.

2023ನೆಯ ಇಸವಿಯ ಜುಲೈ ತಿಂಗಳು. ಆಷಾಢದ ಗಾಳಿಮಳೆಯ ದಿನಗಳು. ಮೈಸೂರಿನಲ್ಲಿ ನಾವು 11 ವರ್ಷಗಳಿಂದ ವಾಸವಾಗಿದ್ದ ಬಾಡಿಗೆಯ ಮನೆಯು ಕೆಳಅಂತಸ್ತಿನದು; ಮನೆಯ ಯಜಮಾನರು ಸಕುಟುಂಬರಾಗಿ ಮೇಲಂತಸ್ತಿನಲ್ಲಿದ್ದರು. ಅವರ ಕಿಟಕಿಯ ಸಜ್ಜೆಯ ಕೆಳಗೆ ನಮ್ಮ ಸ್ಕೂಟರು ನಿಲ್ಲುತ್ತಿದ್ದಿತು. ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಭಾರಿ ಸದ್ದಾಯಿತು. ದೀಪವನ್ನು ಹಾಕಿ ನೋಡಲಾಗಿ, ಸಜ್ಜೆಯ ಅಂಚಿನ ಕಾಂಕ್ರೀಟು ಒಂದು ಮೊರದಷ್ಟು ಅಗಲವಾಗಿ ಕಳಚಿ ಸ್ಕೂಟರಿನ ಮುಂಭಾಗದ ಮೇಲೆ ಬಿದ್ದಿದ್ದಿತು. ದೀಪವು ಚೂರಾಗಿತ್ತು, ಕೈಪಿಡಿಯು ಬಾಗಿತ್ತು, ಮುಂದಿನ ಹೊದಿಕೆಯು ಎರಡು ಸೀಳಾಗಿತ್ತು. ಪ್ರತಿದಿನ ಸಂಜೆ ನಮ್ಮ ಮೊಮ್ಮಗಳು ಆ ಸ್ಕೂಟರಿನ ಮೇಲೆಯೇ ಕುಳಿತು ಬಾಯಿಯಿಂದ ಹಾರನ್ ಊದುತ್ತಿದ್ದಳು. ನಮ್ಮ ಗೃಹಿಣಿಯು ಆ ಕಾಂಕ್ರೀಟಿನ ಚೂರನ್ನು ಕೈಯಿಂದ ಎತ್ತಿ ನೋಡಿ, ಏನನ್ನೂ ಹೇಳದೆ ಒಳಗೆ ಹೋದಳು.

ಬೆಳಗಾದ ಮೇಲೆ ಮೇಲೆ ಹೋಗಿ ವಿಷಯವನ್ನು ತಿಳಿಸಿದೆವು. ಯಜಮಾನರು ಕೆಟ್ಟವರಲ್ಲ, ನಮ್ಮಂತೆಯೇ ಕೆಲಸದಿಂದ ನಿವೃತ್ತರಾದವರು, ಹಿಂದಿನ ವರ್ಷ ಮಗಳ ಮದುವೆಯನ್ನು ಮಾಡಿ ಕೈ ಬರಿದಾಗಿದ್ದವರು. ಅವರು ಕೆಳಗೆ ಬಂದು ನೋಡಿ, “ಮಳೆ ಹೊಡೆದರೆ ನಾನೇನು ಮಾಡಲಿ ಮೇಷ್ಟ್ರೇ? ದೈವೇಚ್ಛೆ. ಸಜ್ಜೆ ಹೀಗಾಗಿದೆ ಅಂತ ನೀವು ಒಂದು ದಿನವಾದರೂ ನನಗೆ ಹೇಳಿದ್ದಿರಾ?” ಎಂದರು.

ಆ ಎರಡು ಮಾತುಗಳಲ್ಲಿ ಇಡೀ ವ್ಯವಹಾರವು ಅಡಗಿರುವುದು. ಮೊದಲನೆಯದು, ಇದು ದೈವಕೃತವೋ ಮನುಷ್ಯಕೃತವೋ ಎಂಬುದು. ಎರಡನೆಯದು, ಮುಂಚಿತವಾಗಿ ತಿಳಿಸಿದ್ದೆವೋ ಇಲ್ಲವೋ ಎಂಬುದು. ಇವೆರಡನ್ನೂ ಕ್ರಮವಾಗಿ ವಿಚಾರಿಸೋಣ.

ನಾವು ಸಂಸ್ಕೃತವನ್ನು ಓದಿದವರಾದ ಕಾರಣ, ಮೊದಲು ನಮ್ಮ ಮನಸ್ಸು ಧರ್ಮಶಾಸ್ತ್ರದ ಕಡೆಗೆ ಹರಿಯಿತು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ವ್ಯವಹಾರನಿರ್ಣಯಕ್ಕೆ ಮೀಸಲಾದದ್ದು. ಪರರ ವಸ್ತುವನ್ನು ತಿಳಿದು ಕೆಡಿಸಿದರೂ ಸರಿ, ತಿಳಿಯದೆ ಕೆಡಿಸಿದರೂ ಸರಿ, ಆ ವಸ್ತುವಿನ ಒಡೆಯನನ್ನು ತೃಪ್ತಿಪಡಿಸತಕ್ಕದ್ದು. ಅಷ್ಟೇ ಮೊತ್ತವನ್ನು ಅರಸನಿಗೂ ತೆರತಕ್ಕದ್ದು ಎಂದು ಅಲ್ಲಿ ವಿಧಿಸಿದೆ. ಅದರ ಬಳಿಯಲ್ಲಿಯೇ ಗಾಡಿಯ ವಿಚಾರವೂ ಬರುವುದು. ಮೂಗುದಾರವು ಹರಿದು, ನೊಗವು ಮುರಿದು, ಅಚ್ಚು ತುಂಡಾಗಿ ಅನರ್ಥವು ಸಂಭವಿಸಿದರೆ ದಂಡವಿಲ್ಲ. ಸಾರಥಿಯ ಅಕುಶಲತೆಯಿಂದ ಗಾಡಿಯು ದಾರಿ ತಪ್ಪಿ ಹಾನಿಯನ್ನು ಮಾಡಿದರೆ ಗಾಡಿಯ ಒಡೆಯನಿಗೆ 200 ಪಣಗಳ ದಂಡ. ನೋಡಿರಿ, ಆಕಸ್ಮಿಕವೆಂಬುದನ್ನು ಶಾಸ್ತ್ರಕಾರರು ಒಪ್ಪದೆ ಇಲ್ಲ. ಆದರೆ ಒಡೆಯನು ತಾನು ಮಾಡಬೇಕಾಗಿದ್ದ ಏರ್ಪಾಟನ್ನು ಮಾಡದೆ ಆಕಸ್ಮಿಕದ ಹಿಂದೆ ಅಡಗಿಕೊಳ್ಳುವುದನ್ನು ಅವರು ಒಪ್ಪರು.

ಇಂದಿನ ನ್ಯಾಯಾಲಯಗಳು ಸ್ಮೃತಿಗಳನ್ನು ನೋಡಿ ಇಂಥ ತೀರ್ಪನ್ನು ಕೊಡುವುದಿಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ನ್ಯಾಯದ ದಾರಿಯು ಬಹಳ ದೂರ ಸರಿದಿಲ್ಲ. ದೆಹಲಿಯ ಚಾಂದನಿ ಚೌಕದಲ್ಲಿ ಒಂದು ಗಡಿಯಾರದ ಗೋಪುರವಿದ್ದಿತು. ಅದು ಕುಸಿದು ಜನರು ಮೃತರಾದ ಮೊಕದ್ದಮೆಯಲ್ಲಿ 1966ನೆಯ ಇಸವಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಗೋಪುರದ ಒಡೆತನವಿದ್ದ ನಗರಸಭೆಯೇ ಪರಿಹಾರವನ್ನು ಕೊಡತಕ್ಕದ್ದೆಂದು ನಿರ್ಣಯಿಸಿತು. ಆ ಕಟ್ಟಡಕ್ಕೆ 80 ವರ್ಷಗಳಾಗಿದ್ದುವು. ಅದರ ಮೇಲಿನ ಅಂತಸ್ತಿಗೆ ಹಾಕಿದ ಗಾರೆಯ ಬಾಳಿಕೆಯಾದರೋ 40, 45 ವರ್ಷಗಳು ಮಾತ್ರ. ಕಾಲವು ಮೀರಿದ ಕಟ್ಟಡವನ್ನು ಪರೀಕ್ಷಿಸಿ ನೋಡುವುದು ಒಡೆಯನ ಕರ್ತವ್ಯವೆಂಬುದೇ ಆ ತೀರ್ಪಿನ ಸಾರವು. ಅದು ರಸ್ತೆಯ ಬದಿಯ ಕಟ್ಟಡದ ವಿಷಯ, ದಾರಿಹೋಕರ ವಿಷಯ. ಆವರಣದೊಳಗಿನ ಬಾಡಿಗೆದಾರನಾದರೋ ಯಜಮಾನನ ಉಪೇಕ್ಷೆಯನ್ನು ತಾನೇ ತೋರಿಸಿಕೊಡಲು ಸಿದ್ಧನಾಗಿರುವುದು ಕ್ಷೇಮ. ಪ್ರತಿವರ್ಷವೂ ಬರುವ ಆಷಾಢದ ಮಳೆಯನ್ನು ದೈವಕೃತವೆಂದು ಹೇಳಿ ಕೈತೊಳೆಯುವುದು ಕಷ್ಟ. ಯಾರೂ ಎಣಿಸಲಾರದಂಥ ಉತ್ಪಾತವಾದರೆ ಮಾತು ಬೇರೆ. ಮಳೆಯು ಯಾರ ತಪ್ಪೂ ಅಲ್ಲ. ಬಿರುಕನ್ನು ಕಂಡೂ ಮಳೆಗಾಲದವರೆಗೆ ಹಾಗೆಯೇ ಬಿಟ್ಟದ್ದು ತಪ್ಪು.

ಆದರೆ “ಕಂಡೂ” ಎಂಬುದನ್ನು ಸಾಧಿಸುವುದು ಹೇಗೆ? ಇಲ್ಲಿಯೇ ಎರಡನೆಯ ಮಾತು ಬರುವುದು. 1882ನೆಯ ಇಸವಿಯ ಸ್ವತ್ತು ವರ್ಗಾವಣೆಯ ಕಾಯಿದೆಯ 108ನೆಯ ಪ್ರಕರಣವು ಯಜಮಾನರ ಮತ್ತು ಬಾಡಿಗೆದಾರರ ಹಕ್ಕುಬಾಧ್ಯತೆಗಳನ್ನು ಹೇಳುವುದು. ತನಗೆ ತಿಳಿದಿದ್ದು ಬಾಡಿಗೆದಾರನ ಸಾಮಾನ್ಯ ದೃಷ್ಟಿಗೆ ಬೀಳದಂಥ ಮುಖ್ಯ ದೋಷವು ಮನೆಯಲ್ಲಿದ್ದರೆ ಯಜಮಾನನು ಅದನ್ನು ತಿಳಿಸತಕ್ಕದ್ದು. ಯಜಮಾನನು ಮಾಡಿಸಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ಯುಕ್ತವಾದ ಕಾಲದೊಳಗಾಗಿ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಅದನ್ನು ಮಾಡಿಸಿ ವೆಚ್ಚವನ್ನು ಬಡ್ಡಿಸಮೇತವಾಗಿ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಇದರಲ್ಲಿ “ತಿಳಿಸಿದ ಮೇಲೂ” ಎಂಬ ಮಾತನ್ನು ವಾಚಕರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಯಾವ ದುರಸ್ತಿಯು ಯಾರದೆಂಬುದು ಮನೆಯ ಕರಾರುಪತ್ರದಿಂದ ತಿಳಿಯುವುದು. ಕರಾರು ಮೌನವಾಗಿದ್ದರೂ, ಯಜಮಾನರು ತಮ್ಮ ವಶದಲ್ಲಿಯೇ ಇಟ್ಟುಕೊಂಡ ಮೇಲಂತಸ್ತಿನ ಸಜ್ಜೆ, ಮಾಳಿಗೆ, ಕಾಂಪೌಂಡಿನ ಗೋಡೆ, ತೆಂಗಿನ ಮರ ಇವುಗಳ ಯೋಗಕ್ಷೇಮವು ಅವರದೇ ಆಗಿರುವುದು ಸಹಜ. ಮರದ ಕಾಯಿಯನ್ನು ಕೀಳಿಸಿಕೊಳ್ಳುವವರು ಅದರ ಒಣಗಿದ ಗರಿಯನ್ನು ಕೀಳಿಸುವ ಹೊಣೆಯನ್ನೂ ಹೊರಬೇಕಷ್ಟೆ!

ನಾವು ತಿಳಿಸಿದ್ದೆವೆ? ಬರೆದು ತಿಳಿಸಿರಲಿಲ್ಲ. ಮಕ್ಕಳಿಗೆ 30 ವರ್ಷಗಳ ಕಾಲ “ಬಾಯಿಲೆಕ್ಕ ಬೇಡ, ಬರೆದು ತೋರಿಸು” ಎಂದು ಹೇಳಿದ ನಾವು ಯಜಮಾನರಿಗೆ ಒಂದು ಚೀಟಿಯನ್ನು ಬರೆದವರಲ್ಲ. ನಮಗೆ ನಾಚಿಕೆಯಾಯಿತು. ಯುಗಾದಿಯ ಸಮಯದಲ್ಲಿಯೇ ಸಜ್ಜೆಯಲ್ಲಿ ಬಿರುಕು ಕಂಡಿದ್ದಿತು. ಒಳಗಿನ ಕಬ್ಬಿಣದ ಸರಳು ತುಕ್ಕುಹಿಡಿದು ಉಬ್ಬಿ ಹೊರಗೆ ಇಣುಕುತ್ತಿದ್ದಿತು. ಮೆಟ್ಟಲಿನ ಮೇಲೆ ಎದುರಾದಾಗ ನಾವು ಹೇಳಿದ್ದೆವೆಂದು ನಮ್ಮ ನೆನಪು. ಹೇಳಲಿಲ್ಲವೆಂದು ಅವರ ನೆನಪು. ಇಬ್ಬರು ವೃದ್ಧರ ನೆನಪುಗಳು ಎದುರುಬದುರಾಗಿ ನಿಂತರೆ ಯಾವ ನ್ಯಾಯಾಧಿಪತಿಯು ತಾನೇ ಏನು ಮಾಡಲಾದೀತು?

ಈ ನಡುವೆ ಸ್ಕೂಟರು ದುರಸ್ತಿಯ ಅಂಗಡಿಗೆ ಹೋಯಿತು. ನಮ್ಮ ವಿಮೆಯು ಮೂರನೆಯವರ ಹಾನಿಗೆ ಮಾತ್ರ ಮಾಡಿಸಿದ್ದು. 1988ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯು ಕಡ್ಡಾಯಮಾಡಿರುವುದು ಅಷ್ಟನ್ನೇ. ಅದರಿಂದ ನಮ್ಮ ಸ್ವಂತ ವಾಹನದ ಹಾನಿಗೆ ಒಂದು ಕಾಸೂ ಬಾರದು. ಸ್ವಂತ ಹಾನಿಯ ವಿಮೆಯೂ ಇದ್ದವರು ಮೊದಲು ವಿಮೆಯವರಿಗೆ ತಿಳಿಸುವುದು ಲೇಸು. ಅಲ್ಲಿಯೂ ಕೆಲವು ಕಡಿತಗಳುಂಟು: ಪ್ಲಾಸ್ಟಿಕ್ಕಿನ ಭಾಗಗಳಿಗೆ ಸಾಮಾನ್ಯವಾಗಿ ಅರ್ಧ ಬೆಲೆಯನ್ನೇ ಕೊಡುವರು, ಹಾನಿಯನ್ನು ಕೇಳದೆ ಕಳೆದ ವರ್ಷಗಳಿಗಾಗಿ ದೊರೆಯುವ ರಿಯಾಯಿತಿಯೂ ತಪ್ಪುವುದು. ವಿಮೆಯಿಂದ ಬಂದಷ್ಟನ್ನು ಯಜಮಾನರಿಂದ ಮತ್ತೊಮ್ಮೆ ಕೇಳುವಂತಿಲ್ಲ. ಒಂದೇ ಗಾಯಕ್ಕೆ ಎರಡು ಸಲ ಔಷಧದ ಬೆಲೆಯನ್ನು ಪಡೆಯುವುದು ನ್ಯಾಯವಲ್ಲ. ಹಣವನ್ನು ಕೊಟ್ಟ ವಿಮೆಯವರೇ ಬೇಕಾದರೆ ವಾಹನದ ಒಡೆಯನ ಸ್ಥಾನದಲ್ಲಿ ನಿಂತು ತಪ್ಪಿತಸ್ಥರನ್ನು ಕೇಳಬಹುದು.

ದುರಸ್ತಿಯವನು ಪಟ್ಟಿಯನ್ನು ಬರೆದನು: ರೂ. 9,800. ಆಮೇಲೆ ಸ್ಕೂಟರಿನ ಪಕ್ಕದ ಹೊದಿಕೆಯನ್ನು ತೋರಿಸಿ, “ಇದೂ ಒಡೆದಿದೆಯಲ್ಲ ಸಾರ್, ಇದನ್ನೂ ಬರೆದುಬಿಡಲೇ? 2,400 ಆಗುತ್ತೆ. ಹೇಗೂ ಓನರ್ ಕೊಡೋದಲ್ಲವೇ?” ಎಂದನು. ಆ ಹೊದಿಕೆಯು ಒಡೆದದ್ದು ಹಿಂದಿನ ದಸರೆಯಲ್ಲಿ, ನಮ್ಮ ಮಗನು ಗೇಟಿಗೆ ತಗುಲಿಸಿದಾಗ. ವಾಚಕರೊಡನೆ ನಾವು ಸುಳ್ಳಾಡಲಾರೆವು; ಆ ಕ್ಷಣದಲ್ಲಿ ಬೇಡವೆಂಬ ಮಾತು ನಮ್ಮ ಬಾಯಿಂದ ಹೊರಡಲಿಲ್ಲ. “ನಾಳೆ ಹೇಳುತ್ತೇನೆ” ಎಂದು ಬಂದೆವು. ರಾತ್ರಿಯೆಲ್ಲಾ ಯೋಚಿಸಿದೆವು. ಅವರು ‘ನೀವು ಹೇಳಲಿಲ್ಲ’ ಎಂದು ಅಸತ್ಯವನ್ನಾಡಿದರಲ್ಲವೆ, ನಾವು ಒಂದಿಷ್ಟು ಸೇರಿಸಿದರೆ ಸಮವಾಯಿತಲ್ಲವೆ ಎಂದು ಮನಸ್ಸು ತರ್ಕಮಾಡಿತು. ಬೆಳಿಗ್ಗೆ ಕಾಫಿಯನ್ನು ಕೊಡುತ್ತಾ ಗೃಹಿಣಿಯು, “ಹಳೆಯ ಬಿರುಕನ್ನು ಹೊಸ ಬಿರುಕಿನ ಲೆಕ್ಕದಲ್ಲಿ ಸೇರಿಸಿದರೆ, ಆಮೇಲೆ ಯಾವುದು ನಿಜವೆಂದು ನೀವೇ ಹೇಗೆ ಹೇಳುತ್ತೀರಿ?” ಎಂದಳು. ನಾವು ಹೊದಿಕೆಯನ್ನು ಬಿಟ್ಟು ಪಟ್ಟಿಯನ್ನು ಬರೆಯಿಸಿದೆವು. ಎಂಟು ದಿನ ಆಟೋರಿಕ್ಷಾಕ್ಕೆ ತಗಲಿದ ರೂ. 960ನ್ನು ಸೇರಿಸಿದರೆ ಒಟ್ಟು ರೂ. 10,760. ನಷ್ಟದಿಂದ ನೇರವಾಗಿ ಹುಟ್ಟಿದ ಇಂಥ ವೆಚ್ಚವನ್ನು ಕೇಳುವುದು ಸಲ್ಲುವುದು. ಮನಸ್ಸಿಗೆ ಬೇಸರವಾಯಿತೆಂದು ಇನ್ನೊಂದು ಐದು ಸಾವಿರವನ್ನು ಸೇರಿಸುವುದು ಸಲ್ಲದು.

ಅಷ್ಟೇ ಅಲ್ಲ. ಬಿರುಕನ್ನು ಯುಗಾದಿಯಲ್ಲಿಯೇ ಕಂಡ ನಾವು ಸ್ಕೂಟರನ್ನು ಅದರ ಕೆಳಗಿನಿಂದ ತೆಗೆಯಲಿಲ್ಲವೇಕೆ? ಗೇಟಿನ ಬಳಿ ನಾಲ್ಕು ಅಡಿ ಬಯಲಿದ್ದಿತು; ಬಿಸಿಲು ಬೀಳುವುದೆಂಬ ಸೋಮಾರಿತನ. ತಪ್ಪಿಸಬಹುದಾಗಿದ್ದ ನಷ್ಟವನ್ನು ತಪ್ಪಿಸದೆ ಇದ್ದವನಿಗೆ ಪೂರ್ಣ ಪರಿಹಾರವಿಲ್ಲವೆಂಬುದು ನ್ಯಾಯಾಲಯಗಳು ಒಪ್ಪಿದ ತತ್ತ್ವ. 1872ನೆಯ ಇಸವಿಯ ಕರಾರುಗಳ ಕಾಯಿದೆಯ 73ನೆಯ ಪ್ರಕರಣವೂ, ಕರಾರು ತಪ್ಪಿದವನಿಂದ ಬರತಕ್ಕ ನಷ್ಟವನ್ನು ಎಣಿಸುವಾಗ, ತೊಂದರೆಯನ್ನು ಪರಿಹರಿಸಿಕೊಳ್ಳಲು ಇದ್ದ ಉಪಾಯಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಹೇಳುವುದು. ಆದಕಾರಣ ನಾಲ್ಕರಲ್ಲಿ ಒಂದು ಪಾಲನ್ನು ನಾವೇ ಹೊರುವೆವೆಂದು ಬರೆದು, ಉಳಿದ ರೂ. 8,070ನ್ನು ಕೊಡಬೇಕೆಂದು ಕೇಳಿ, ಚಿತ್ರಗಳನ್ನೂ ಪಟ್ಟಿಯನ್ನೂ ಸೇರಿಸಿ, ಒಂದು ಪತ್ರವನ್ನು ಯಜಮಾನರ ಕೈಗೇ ಕೊಟ್ಟು, ಪ್ರತಿಯ ಮೇಲೆ ಅವರ ರುಜುವನ್ನು ಪಡೆದೆವು.

ಅವರು ಓದಿ, “ಹೇಳಲಿಲ್ಲವೆಂದ ಮೇಲೆ ಮುಕ್ಕಾಲು ಪಾಲು ನಾನೇಕೆ ಕೊಡಬೇಕು?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆಗ ಒಳಗಿನಿಂದ ಅವರ ಮನೆಯವರು ಬಾಗಿಲಿಗೆ ಬಂದು ನಿಂತರು. “ಹೇಳಿದ್ದರು. ರಾಮನವಮಿಯ ದಿನ ಅರಿಶಿನ ಕುಂಕುಮಕ್ಕೆ ಬಂದಾಗ ಆ ತಾಯಿ ನನ್ನ ಹತ್ತಿರ ಹೇಳಿದರು, ತುಳಸಿಗೆ ನೀರು ಹಾಕುವಾಗ ತಲೆಯ ಮೇಲೆ ಗಾರೆ ಉದುರುತ್ತೆ ಅಂತ. ನಾನು ಅವತ್ತು ರಾತ್ರಿಯೇ ನಿಮಗೆ ಹೇಳಿದೆ. ಮದುವೆಯ ಸಾಲ ತೀರಲಿ ಆಮೇಲೆ ನೋಡೋಣ ಅಂದಿರಿ” ಎಂದರು. ಯಜಮಾನರು ಬಹಳ ಹೊತ್ತು ನೆಲವನ್ನು ನೋಡುತ್ತಾ ಕುಳಿತರು. ಅಸತ್ಯವನ್ನು ಹೇಳಬೇಕೆಂದು ಅವರು ಹೇಳಿರಲಿಲ್ಲ. ಸಾಲದ ಚಿಂತೆಯಲ್ಲಿ ಆ ಮಾತು ಮರೆತುಹೋಗಿದ್ದಿತು. “ಐದು ಸಾವಿರ ಈಗ ಕೊಡುತ್ತೇನೆ ಮೇಷ್ಟ್ರೇ, ಉಳಿದದ್ದು ಗಣೇಶನ ಹಬ್ಬದ ಹೊತ್ತಿಗೆ” ಎಂದರು. ಹಾಗೆಯೇ ಕೊಟ್ಟರು. ರಾತ್ರಿಯೆಲ್ಲಾ ಅವರನ್ನು ಅಸತ್ಯವಾದಿಗಳೆಂದು ಎಣಿಸಿದ ನಮಗೆ, ಆ ಹಳೆಯ ಹೊದಿಕೆಯು ಪಟ್ಟಿಯಲ್ಲಿ ಸೇರದೆ ಹೋದದ್ದು ಎಷ್ಟು ಒಳ್ಳೆಯದಾಯಿತೆಂದು ಆಗ ತಿಳಿಯಿತು.

ಆ ತಾಯಿಯು ಮೌನವಾಗಿದ್ದಿದ್ದರೆ ನಮ್ಮ ಗತಿಯೇನು? ಗಂಡನ ಮಾತಿಗೆ ಎದುರಾಗಿ ಸತ್ಯವನ್ನು ಹೇಳುವ ಹೆಣ್ಣುಮಗಳು ಪ್ರತಿಯೊಂದು ಮೇಲಂತಸ್ತಿನಲ್ಲಿಯೂ ಇರುವಳೆಂದು ನಂಬಿ ಸಂಸಾರವನ್ನು ನಡೆಸಲಾಗದು. ಆದುದರಿಂದ ಬಾಡಿಗೆಯ ಮನೆಯಲ್ಲಿರುವ ವಾಚಕರಿಗೆ ಕೆಲವು ಸೂಚನೆಗಳನ್ನು ಕೊಡುತ್ತೇವೆ.

ದೋಷವು ಕಂಡ ದಿನವೇ, ದಿನಾಂಕವನ್ನು ಹಾಕಿ ಎರಡು ಸಾಲು ಬರೆದು ಕೊಡಿರಿ. ಮುಖವನ್ನು ಕೆಡಿಸಿಕೊಳ್ಳಬೇಕಾಗಿಲ್ಲ, “ಸಜ್ಜೆಯಲ್ಲಿ ಬಿರುಕು ಕಂಡಿದೆ, ಮಳೆಗಾಲಕ್ಕೆ ಮುಂಚೆ ನೋಡಿಸಬೇಕಾಗಿ ಪ್ರಾರ್ಥನೆ” ಎಂದರೆ ಸಾಕು. ಮೊಬೈಲಿನ ಸಂದೇಶವೂ ಆದೀತು. ಆದರೆ 2023ನೆಯ ಇಸವಿಯ ಭಾರತೀಯ ಸಾಕ್ಷ್ಯ ಅಧಿನಿಯಮದ ಮೇರೆಗೆ ಇಂಥ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಒಂದು ಪ್ರಮಾಣಪತ್ರವೂ ಬೇಕಾಗುವುದು. ಆದಕಾರಣ ಸಂದೇಶವನ್ನು ಅಳಿಸದೆ ಇಡತಕ್ಕದ್ದು. ಬರೆದು ಕೊಟ್ಟ ಮೇಲೆ ವಾಹನವನ್ನು ಅಲ್ಲಿಂದ ತೆಗೆಯಿರಿ.

ಹಾನಿಯಾದಾಗ, ಬಿದ್ದದ್ದನ್ನು ಎತ್ತುವ ಮೊದಲು ಚಿತ್ರವನ್ನು ತೆಗೆಯಿರಿ. ವಾಹನದ ಸಂಖ್ಯೆಯೂ ಮೇಲಿನ ಒಡೆದ ಭಾಗವೂ ಕಾಣಿಸಲಿ. ದುರಸ್ತಿಯ ಪಟ್ಟಿಯನ್ನು ಬರೆಯಿಸಿ, ಯಜಮಾನರಿಗೆ ತೋರಿಸಿ, ಆಮೇಲೆ ದುರಸ್ತಿಗೆ ಬಿಡಿರಿ.

ಕಳವಿನ ವಿಚಾರವು ಬೇರೆ. ಕೀಲಿಕೈಯನ್ನು ನಮ್ಮಲ್ಲಿಯೇ ಇಟ್ಟುಕೊಂಡು ಆವರಣದಲ್ಲಿ ಗಾಡಿಯನ್ನು ನಿಲ್ಲಿಸಿದರೆ ಅದನ್ನು ಯಜಮಾನರ ವಶಕ್ಕೆ ಒಪ್ಪಿಸಿದಂತಾಗದು. ಕಳ್ಳನು ಒಯ್ದರೆ ಅವರನ್ನು ಹೊಣೆಮಾಡುವುದು ಕಷ್ಟ. ನಿಕ್ಷೇಪವನ್ನು ಅರಸನೋ ದೈವವೋ ಕಳ್ಳರೋ ಅಪಹರಿಸಿದರೆ ಇಟ್ಟುಕೊಂಡವನಿಂದ ಕೊಡಿಸಬಾರದೆಂದು ಯಾಜ್ಞವಲ್ಕ್ಯರು ಹೇಳಿರುವರು. ಒಪ್ಪಿಸಿಕೊಂಡವನಿಗೇ ಹೀಗಿರುವಾಗ ಒಪ್ಪಿಸಿಕೊಳ್ಳದವನ ಮಾತೇನು? ಕೀಲಿಕೈಯನ್ನು ಪಡೆದು ವಾಹನವನ್ನು ವಶಕ್ಕೆ ತೆಗೆದುಕೊಂಡವನಾದರೋ, ತನ್ನ ಸ್ವಂತ ವಸ್ತುವನ್ನು ವಿವೇಕಿಯು ಕಾಯುವಷ್ಟು ಎಚ್ಚರದಿಂದ ಅದನ್ನು ಕಾಯತಕ್ಕದ್ದೆಂದು ಕರಾರುಗಳ ಕಾಯಿದೆಯು ಇಂದು ವಿಧಿಸಿರುವುದು.

ನಷ್ಟವನ್ನು ಬಾಡಿಗೆಯಲ್ಲಿ ಸ್ವೇಚ್ಛೆಯಿಂದ ಹಿಡಿಯಬೇಡಿರಿ. ಮನೆಯ ದುರಸ್ತಿಯ ವೆಚ್ಚವನ್ನು ಕಳೆದುಕೊಳ್ಳುವ ಹಕ್ಕು ಬೇರೆ, ವಾಹನದ ಪರಿಹಾರವು ಬೇರೆ. ಬಾಡಿಗೆಯು ಬಾಕಿಯಾದರೆ ನ್ಯಾಯವು ನಿಮ್ಮ ಕಡೆಯಿಂದ ಯಜಮಾನರ ಕಡೆಗೆ ಜಾರುವುದು. ಮನೆಯನ್ನು ಬಿಡಿಸಲು ಅವರಿಗೆ ಕಾರಣವೂ ದೊರೆಯುವುದು. ಪೋಲೀಸರ ಬಳಿಗೆ ಹೋಗುವುದೂ ಬೇಡ. ಬೇಕೆಂದೇ ಗಾಡಿಯನ್ನು ಕೆಡಿಸಿದ್ದರೆ ಮಾತ್ರ ಅದು ಅಪರಾಧದ ವಿಚಾರವಾಗುವುದು.

ಮಾತಿನಿಂದ ಬಗೆಹರಿಯದಿದ್ದರೆ, ತಲುಪಿದ್ದಕ್ಕೆ ರಸೀದಿ ದೊರೆಯುವ ಅಂಚೆಯಲ್ಲಿ ನೋಟೀಸನ್ನು ಕಳುಹಿಸಿ, ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿಯನ್ನು ಕೊಡಿರಿ. 1987ನೆಯ ಇಸವಿಯ ಕಾಯಿದೆಯ ಮೇರೆಗೆ ನಡೆಯುವ ಲೋಕ ಅದಾಲತ್ತಿನಲ್ಲಿ, ದಾವೆಯನ್ನು ಹೂಡುವ ಮೊದಲೇ ಇಂಥ ತಂಟೆಯನ್ನು ರಾಜಿಮಾಡಿಸಿಕೊಳ್ಳಬಹುದು. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುವುದು. ಅದರ ಮೇಲೆ ಅಪೀಲಿಲ್ಲ. ರಾಜಿಯೂ ಆಗದಿದ್ದರೆ ಕಡೆಯ ದಾರಿಯು ದಾವೆ. ಹಾನಿಯಾದ ದಿನದಿಂದ ಮೂರು ವರ್ಷಗಳೊಳಗೆ ಅದನ್ನು ಹೂಡತಕ್ಕದ್ದು. ಆದರೆ ಹತ್ತು ಸಾವಿರದ ವ್ಯಾಜ್ಯಕ್ಕೆ ವಕೀಲರ ಶುಲ್ಕವೆಷ್ಟು, ಓಡಾಟವೆಷ್ಟು ಎಂಬುದನ್ನು ಮನೆಯವರೊಡನೆ ಕುಳಿತು ಲೆಕ್ಕಮಾಡಿದ ಮೇಲೆಯೇ ಹೊರಡಿರಿ.

ಮನೆಯ ಯಜಮಾನರಾದ ವಾಚಕರಿಗೂ ಒಂದು ಮಾತು. ಬಾಡಿಗೆದಾರನು ದೋಷವನ್ನು ತೋರಿಸಿದಾಗ ಅವನನ್ನು ದೂರುಗಾರನೆಂದು ಎಣಿಸಬೇಡಿರಿ. ನಿಮ್ಮ ಮನೆಯನ್ನು ನಿಮಗಾಗಿ ದಿನವೂ ನೋಡುತ್ತಿರುವವನು ಅವನೇ. ನಮ್ಮ ಯಜಮಾನರು ಆಶ್ವಯುಜದಲ್ಲಿ ಮೇಸ್ತ್ರಿಯನ್ನು ಕರೆಸಿ ನಾಲ್ಕು ಸಜ್ಜೆಗಳನ್ನೂ ಒಡೆಸಿ ಕಟ್ಟಿಸಿದರು. ಮತ್ತೆರಡರಲ್ಲಿಯೂ ಒಳಗಿನ ಸರಳು ತುಕ್ಕಾಗಿ ಪುಡಿಯಾಗಿದ್ದಿತು. ಅವುಗಳಲ್ಲಿ ಒಂದು ಅವರ ಮನೆಯವರು ಬಟ್ಟೆ ಒಣಗಿಹಾಕುವ ಕಡೆಯದು.

ಅದಾದ ಮೇಲೆ ಕೊಳಾಯಿ ಸೋರಿದರೂ ನಾವು ಚೀಟಿಯನ್ನು ಬರೆಯುತ್ತೇವೆ. ಅವರು ನಗುತ್ತಾ ರುಜುಮಾಡಿ, “ಮಾರ್ಕ್ಸ್ ಎಷ್ಟು ಮೇಷ್ಟ್ರೇ?” ಎಂದು ಕೇಳುತ್ತಾರೆ. ಯುಗಾದಿಯಲ್ಲಿ ಬರೆಯಬೇಕಾಗಿದ್ದ ಎರಡು ಸಾಲುಗಳನ್ನು ಬರೆಯದೆ ನಾವು ಪಟ್ಟ ಕಷ್ಟವನ್ನು ವಾಚಕರು ಪಡದೆ ಇದ್ದರೆ ಈ ಬರಹದ ಶ್ರಮವು ಸಾರ್ಥಕವಾಯಿತೆಂದು ತಿಳಿಯುವೆವು.